ಅಣಬೆ, ಅಡುಗೆಮನೆ ಮತ್ತು ಶ್ರಾವಕನ ವಿವೇಕ

ಆಹಾರವು ಶ್ರಾವಕನ ಪಾಲಿಗೆ ಕೇವಲ ಶರೀರಪೋಷಣೆಯ ವಿಷಯವಲ್ಲ. ಅವನ ಅಹಿಂಸಾವ್ರತವು ಪ್ರತಿದಿನವೂ ಪರೀಕ್ಷೆಗೆ ಒಳಗಾಗುವ ಸ್ಥಳವೆಂದರೆ ಅಡುಗೆಮನೆ. ಬಸದಿಯಲ್ಲಿ ಕೈಮುಗಿದು ನಿಂತಾಗ ಅಹಿಂಸೆಯೇ ಪರಮಧರ್ಮವೆಂದು ಒಪ್ಪುವುದು ಸುಲಭ. ಒಲೆಯ ಮುಂದೆ ನಿಂತು, ಇದನ್ನು ಬೇಯಿಸಬಹುದೇ ಬೇಡವೇ ಎಂದು ತೀರ್ಮಾನಿಸುವುದು ಕಷ್ಟ. ಹಿಂದೆ ಈ ತೀರ್ಮಾನವನ್ನು ಪರಂಪರೆಯೇ ಮಾಡಿಟ್ಟಿತ್ತು. ಯಾವುದು ಭಕ್ಷ್ಯ, ಯಾವುದು ಅಭಕ್ಷ್ಯ ಎಂಬುದನ್ನು ತಾಯಿಯಿಂದ ಮಗಳು, ಅತ್ತೆಯಿಂದ ಸೊಸೆ ಕಲಿಯುತ್ತಿದ್ದರು. ಕಾರಣವನ್ನು ಕೇಳುವ ಪ್ರಸಂಗ ಬರುತ್ತಿದ್ದುದು ವಿರಳ. ಈಗ ಕಾರಣವನ್ನು ಕೇಳಲಾಗುತ್ತಿದೆ. ಕೇಳುವುದು ತಪ್ಪೇನೂ ಅಲ್ಲ. ಉತ್ತರ ಹೇಳಬೇಕಾದ ಹಿರಿಯರು ಸಿದ್ಧರಾಗಿಲ್ಲದಿರುವುದೇ ತೊಂದರೆ.

ಅಂತಹ ಪ್ರಶ್ನೆಗಳಲ್ಲಿ ಅಣಬೆಯದೂ ಒಂದು. ಕೋಲಾರ ಸೀಮೆಗೆ ಅಣಬೆ ಹೊಸದಲ್ಲ. ಮಳೆ ಬಿದ್ದು ಕೆಂಪುನೆಲ ಚೆನ್ನಾಗಿ ನೆನೆದ ಮೇಲೆ ಹುತ್ತಗಳ ಮಗ್ಗುಲಲ್ಲಿ ಅಣಬೆಗಳು ಏಳುತ್ತವೆ. ಮುಳಬಾಗಿಲು, ಶ್ರೀನಿವಾಸಪುರಗಳ ಕಡೆ ತೆಲುಗು ಮಾತನಾಡುವವರು ಅದನ್ನು ಪುಟ್ಟಗೊಡುಗು, ಎಂದರೆ ಹುತ್ತದ ಕೊಡೆ, ಎಂದು ಕರೆಯುವುದು ಈ ಕಾರಣದಿಂದಲೇ. ಹೊಲಕ್ಕೆ ಹೋದವರು ಅದನ್ನು ಆಯ್ದು ತಂದು, ಸಾರು ಮಾಡಿ ರಾಗಿಮುದ್ದೆಯೊಡನೆ ಉಣ್ಣುವುದು ಹಳ್ಳಿಗಳಲ್ಲಿ ಇಂದಿಗೂ ಉಂಟು. ಆದರೆ ಆ ಅಣಬೆ ಅಂಗಡಿಬೀದಿಗೆ ಬರುತ್ತಿದ್ದುದು ಅಪರೂಪ. ಆದಕಾರಣ ಪೇಟೆಯಲ್ಲಿ ವಾಸಿಸುವ ಜೈನ ಕುಟುಂಬಗಳ ಅಡುಗೆಮನೆಯಲ್ಲಿ ಅದರ ಪ್ರಶ್ನೆ ಏಳುತ್ತಿರಲಿಲ್ಲ.

ಈಗ ಪರಿಸ್ಥಿತಿ ಬೇರೆ. ಕೊಠಡಿಗಳಲ್ಲಿ ಬೆಳೆಸಿದ ಅಣಬೆ ಇನ್ನೂರು ಗ್ರಾಮಿನ ಪೊಟ್ಟಣಗಳಲ್ಲಿ ವರ್ಷವಿಡೀ ದೊರೆಯುತ್ತದೆ. ಮಾಲೂರಿನಿಂದ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರುವ ತರುಣರು ಜೊತೆಯವರ ಊಟದ ಡಬ್ಬಿಯಲ್ಲಿ ಅದನ್ನು ಕಾಣುತ್ತಾರೆ. ಮದುವೆಯ ಊಟಗಳಲ್ಲಿ ಸಸ್ಯಾಹಾರವೆಂಬ ಹೆಸರಿನಲ್ಲೇ ಅದನ್ನು ಬಡಿಸಲಾಗುತ್ತದೆ. ಮನೆಗೆ ಬಂದ ಮಕ್ಕಳು, “ಇದು ಸೊಪ್ಪು ತರಕಾರಿಯಂತೆಯೇ ಅಲ್ಲವೇ? ನಮ್ಮ ಮನೆಯಲ್ಲಿ ಮಾತ್ರ ಏಕೆ ಮಾಡಬಾರದು?” ಎಂದು ಕೇಳಿದರೆ ಆಶ್ಚರ್ಯವಿಲ್ಲ.

ಈ ಪ್ರಶ್ನೆಗೆ ಸಾಮಾನ್ಯವಾಗಿ ಕೊಡುವ ಉತ್ತರಗಳನ್ನು ಮೊದಲು ಪರಿಶೀಲಿಸಬೇಕು. ಅಣಬೆ ಹೊಲಸಿನಲ್ಲಿ ಬೆಳೆಯುತ್ತದೆ ಎಂಬುದು ಮೊದಲನೆಯ ಉತ್ತರ. ಆದರೆ ಚಿಪ್ಪಣಬೆಯನ್ನು ಶುಚಿಯಾದ ಭತ್ತದ ಹುಲ್ಲಿನ ಮೇಲೆ ಬೆಳೆಸುತ್ತಾರೆ. ನಾವು ನಿತ್ಯವೂ ತಿನ್ನುವ ಎಷ್ಟೋ ತರಕಾರಿಗಳು ಸಗಣಿಗೊಬ್ಬರದ ಮಣ್ಣಿನಲ್ಲಿಯೇ ಬೆಳೆಯುತ್ತವೆ. ಅಣಬೆ ವಿಷ ಎಂಬುದು ಎರಡನೆಯ ಉತ್ತರ. ಕಾಡು ಅಣಬೆಗಳಲ್ಲಿ ಪ್ರಾಣಾಂತಿಕವಾದವು ಇರುವುದು ನಿಜ. ಗುರುತು ತಿಳಿಯದ ಫಲವನ್ನು ತಿನ್ನಬಾರದೆಂಬ ನಿಯಮ ನಮ್ಮ ಇಪ್ಪತ್ತೆರಡು ಅಭಕ್ಷ್ಯಗಳ ಪಟ್ಟಿಯಲ್ಲಿಯೂ ಇದೆ. ಆದರೆ ಈ ಮಾತು ಕೃಷಿಯಿಂದ ಬಂದ ಅಣಬೆಗೆ ಅನ್ವಯಿಸುವುದಿಲ್ಲ. ಅದು ತಾಮಸ ಆಹಾರ ಎಂಬುದು ಮೂರನೆಯ ಉತ್ತರ. ಸಾತ್ತ್ವಿಕ, ರಾಜಸ, ತಾಮಸ ಎಂಬ ವಿಭಾಗ ಬೇರೆ ದರ್ಶನದ್ದು. ಜೈನಾಚಾರದ ಆಧಾರ ಜೀವದಯೆಯೇ ಹೊರತು ಗುಣತ್ರಯವಲ್ಲ.

ನಾಲ್ಕನೆಯ ಉತ್ತರ ಈಚಿನದು. ಅಣಬೆ ಸಸ್ಯವೇ ಅಲ್ಲ, ಪ್ರಾಣಿಗಳಿಗೆ ಹತ್ತಿರವಾದುದೆಂದು ವಿಜ್ಞಾನವೇ ಹೇಳುತ್ತದೆ, ಆದ್ದರಿಂದ ಅದು ಮಾಂಸಕ್ಕೆ ಸಮ ಎಂದು ಕೆಲವರು ವಾದಿಸುತ್ತಾರೆ. ಈ ವಾದದ ಅರ್ಧಭಾಗ ಸರಿ. ಅಣಬೆಯಲ್ಲಿ ಪತ್ರಹರಿತ್ತು ಇಲ್ಲ. ಅದು ಬಿಸಿಲಿನಿಂದ ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳಲಾರದು. ಅದರ ಜೀವಕೋಶದ ಗೋಡೆಯಲ್ಲಿರುವ ಕೈಟಿನ್ ಎಂಬ ವಸ್ತುವು ಕೀಟಗಳ ಮೈಕವಚದಲ್ಲಿಯೂ ಇದೆ. 1969ರಲ್ಲಿ ಆರ್. ಎಚ್. ವಿಟೇಕರ್ ಎಂಬ ಅಮೆರಿಕದ ವಿಜ್ಞಾನಿ ಜೀವಿಗಳನ್ನು ಐದು ಸಾಮ್ರಾಜ್ಯಗಳಾಗಿ ವಿಭಾಗಿಸಿ, ಶಿಲೀಂಧ್ರಗಳಿಗೆ ಪ್ರತ್ಯೇಕ ಸಾಮ್ರಾಜ್ಯವನ್ನೇ ಕೊಟ್ಟರು. ವಂಶಸಂಬಂಧದಲ್ಲಿ ಅವು ಸಸ್ಯಗಳಿಗಿಂತ ಪ್ರಾಣಿಗಳಿಗೆ ಹತ್ತಿರವೆಂಬುದು ಇಂದಿನ ವಿಜ್ಞಾನದ ಅಭಿಪ್ರಾಯ. ಆದರೆ ಜೈನಶಾಸ್ತ್ರವು ಜೀವಗಳನ್ನು ವಿಭಾಗಿಸುವುದು ವಂಶದಿಂದಲ್ಲ, ಇಂದ್ರಿಯಗಳಿಂದ. ಸ್ಪರ್ಶವೊಂದೇ ಇರುವ ಸ್ಥಾವರ ಜೀವಕ್ಕೂ ನೋವನ್ನರಿತು ಓಡಾಡುವ ತ್ರಸ ಜೀವಕ್ಕೂ ಶಾಸ್ತ್ರ ಮಾಡಿರುವ ಭೇದವನ್ನು ಅಳಿಸಿ, ಅಣಬೆ ತಿಂದವನು ಮಾಂಸ ತಿಂದಂತೆ ಎಂದರೆ ಅದು ಶಾಸ್ತ್ರವೂ ಆಗುವುದಿಲ್ಲ, ವಿಜ್ಞಾನವೂ ಆಗುವುದಿಲ್ಲ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ, ಅನೇಕ ಸಣ್ಣ ಜೀವಗಳ ಘಾತಕ್ಕಿಂತ ಒಂದು ದೊಡ್ಡ ಪ್ರಾಣಿಯ ವಧೆ ಮೇಲೆಂಬ ಎಣಿಕೆಯನ್ನು ಸ್ಪಷ್ಟವಾಗಿ ತಳ್ಳಿಹಾಕಿದ್ದಾರೆ. ಹಿಂಸೆಯ ವಿಚಾರದಲ್ಲಿ ತಲೆ ಎಣಿಸುವ ಲೆಕ್ಕವೊಂದೇ ಸಾಲದು.

ಇಂತಹ ದುರ್ಬಲ ಕಾರಣಗಳಿಂದ ಆಗುವ ಹಾನಿ ಸಣ್ಣದಲ್ಲ. ಹೊಲಸು ಎಂಬ ಕಾರಣ ಕೇಳಿ ಬೆಳೆದ ಹುಡುಗ ಒಂದು ದಿನ ಅಣಬೆ ಬೆಳೆಸುವ ಶುಚಿಯಾದ ಕೊಠಡಿಯನ್ನು ನೋಡಿದರೆ, ಅವನ ಮನಸ್ಸಿನಲ್ಲಿ ಕುಸಿಯುವುದು ಆ ಕಾರಣವೊಂದೇ ಅಲ್ಲ. ಹಿರಿಯರು ಹೇಳಿದ ಉಳಿದ ನಿಯಮಗಳೂ ಹೀಗೆಯೇ ಇರಬಹುದೆಂಬ ಸಂಶಯ ಹುಟ್ಟುತ್ತದೆ. ವ್ರತವನ್ನು ಉಳಿಸಲೆಂದು ಹೇಳಿದ ಸುಳ್ಳು ಕಾರಣ ಕೊನೆಗೆ ವ್ರತವನ್ನೇ ಕೆಡಿಸುತ್ತದೆ. ಆದ್ದರಿಂದ ನಿಜವಾದ ಆಧಾರ ಯಾವುದೆಂದು ತಿಳಿಯುವುದು ಅವಶ್ಯಕ.

ಈ ಆಧಾರವನ್ನು ಹುಡುಕಲು ಕೋಲಾರದವರು ದೂರ ಹೋಗಬೇಕಾಗಿಲ್ಲ. ಕೋಲಾರವೇ ಗಂಗರ ಮೊದಲ ರಾಜಧಾನಿಯಾದ ಕುವಲಾಲಪುರ. ರಾಜಧಾನಿ ತಲಕಾಡಿಗೆ ಹೋದ ಮೇಲೂ ಗಂಗ ದೊರೆಗಳು ತಮ್ಮನ್ನು ಕುವಲಾಲಪುರದ ಒಡೆಯರೆಂದೇ ಶಾಸನಗಳಲ್ಲಿ ಕರೆದುಕೊಂಡರು. ಅದೇ ಗಂಗವಂಶದ ರಾಚಮಲ್ಲನ ಮಂತ್ರಿ ಚಾವುಂಡರಾಯ. ಹತ್ತನೆಯ ಶತಮಾನದಲ್ಲಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರವನ್ನು ರಚಿಸಿದ್ದು ಆ ಚಾವುಂಡರಾಯನಿಗಾಗಿ. 1359ರಲ್ಲಿ ಕೇಶವವರ್ಣಿಯು ಅದಕ್ಕೆ ಕನ್ನಡದಲ್ಲಿಯೇ ವಿಸ್ತಾರವಾದ ವೃತ್ತಿಯನ್ನು ಬರೆದನು. ಆ ಗ್ರಂಥದ ಜೀವಕಾಂಡದಲ್ಲಿ ವನಸ್ಪತಿಗಳ ವಿಭಾಗವಿದೆ. ಒಂದು ಶರೀರಕ್ಕೆ ಒಂದೇ ಜೀವ ಒಡೆಯನಾಗಿದ್ದರೆ ಅದು ಪ್ರತ್ಯೇಕ ವನಸ್ಪತಿ. ಒಂದೇ ಶರೀರವನ್ನು ಅನಂತ ಜೀವಗಳು ಹಂಚಿಕೊಂಡಿದ್ದರೆ ಅದು ಸಾಧಾರಣ ವನಸ್ಪತಿ. ನರ, ಸಂಧಿ, ಗಿಣ್ಣುಗಳು ಹೊರಗೆ ಕಾಣದಿರುವುದು, ಮುರಿದರೆ ನಾರಿಲ್ಲದೆ ಸಮನಾಗಿ ಮುರಿಯುವುದು, ಕತ್ತರಿಸಿದರೂ ಮತ್ತೆ ಬೆಳೆಯುವುದು ಇವೇ ಮೊದಲಾದ ಲಕ್ಷಣಗಳಿಂದ ಅನಂತಜೀವಗಳ ಆಶ್ರಯವನ್ನು ಗುರುತಿಸಬೇಕೆಂದು ಅಲ್ಲಿ ಹೇಳಿದೆ.

ಅಣಬೆಯ ಉಲ್ಲೇಖ ಇದಕ್ಕಿಂತ ಹಳೆಯದು. ವಟ್ಟಕೇರಾಚಾರ್ಯರ ಮೂಲಾಚಾರದಲ್ಲಿ ಪಾಚಿ ಮುಂತಾದವುಗಳ ಸಾಲಿನಲ್ಲಿ ಕವಕ, ಕುಹಣ ಎಂಬ ಎರಡು ಹೆಸರುಗಳು ಬರುತ್ತವೆ. ಕವಕವೆಂದರೆ ಕೊಡೆಯಾಕಾರದ ಅಣಬೆಯ ಜಾತಿ. ಕುಹಣವೆಂದರೆ ಅನ್ನ, ಗಂಜಿಗಳ ಮೇಲೆ ಕಟ್ಟುವ ಬೂಷ್ಟು ಎಂದು ಟೀಕಾಕಾರರಾದ ವಸುನಂದಿಗಳು ವಿವರಿಸುತ್ತಾರೆ. ಶ್ವೇತಾಂಬರ ಪರಂಪರೆಯ ಮೂವತ್ತೆರಡು ಅನಂತಕಾಯಗಳ ಪಟ್ಟಿಯಲ್ಲಿಯೂ ಅಣಬೆ ಸೇರಿದೆ. ಎರಡೂ ಪರಂಪರೆಗಳು ಇಲ್ಲಿ ಒಂದೇ ಮಾತನ್ನು ಹೇಳುತ್ತವೆ. ಮನುಸ್ಮೃತಿಯೂ ಕವಕವನ್ನು ಬೆಳ್ಳುಳ್ಳಿ, ಈರುಳ್ಳಿಗಳ ಜೊತೆಗೆ ನಿಷೇಧಿಸಿದೆ. ಆದರೆ ಅಲ್ಲಿ ಪ್ರಧಾನವಾದುದು ದ್ವಿಜರ ಶುದ್ಧಿಯ ವಿಚಾರ. ನಿಷೇಧ ಒಂದೇ ಆದರೂ ಕಾರಣ ಬೇರೆ ಎಂಬುದನ್ನು ಗಮನಿಸಬೇಕು.

ಅಣಬೆಯ ನೆಲದೊಳಗಿನ ಬಿಳಿಯ ತಂತುಜಾಲವನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿ, ನೋಡಿ, ನಿಗೋದ ಜೀವಗಳು ಸಿದ್ಧವಾದವು ಎನ್ನುವವರೂ ಉಂಟು. ಹಾಗೆ ಹೇಳಬಾರದು. ಆಗಮವು ಹೇಳುವ ನಿಗೋದ ಜೀವ ಬೇರೆ, ಪ್ರಯೋಗಶಾಲೆ ತೋರಿಸುವ ಜೀವಕೋಶ ಬೇರೆ. ಒಂದರ ಪ್ರಮಾಣದಿಂದ ಇನ್ನೊಂದನ್ನು ಸಾಧಿಸಲು ಹೋದರೆ ಎರಡಕ್ಕೂ ಅಪಚಾರವಾಗುತ್ತದೆ. ಶ್ರದ್ಧೆಯುಳ್ಳವರಿಗೆ ಆಗಮದ ಮಾತು ಸಾಕು. ಇನ್ನೂ ಅಷ್ಟು ಶ್ರದ್ಧೆ ನೆಲೆಗೊಳ್ಳದ ತರುಣರಿಗೆ ಬುದ್ಧಿಗೆ ನಿಲುಕುವ ಮಾತು ಬೇಕು. ಅದನ್ನು ಸಮಂತಭದ್ರಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಕೊಟ್ಟಿದ್ದಾರೆ. ಮೂಲಂಗಿ, ಹಸಿಶುಂಠಿ, ಬೆಣ್ಣೆ, ಬೇವಿನ ಹೂ, ಕೇದಗೆ ಇವುಗಳನ್ನು ಬಿಡಬೇಕೆನ್ನುವಲ್ಲಿ ಅವರು ಮುಂದಿಡುವ ಕಾರಣ ಒಂದೇ: ಪ್ರಯೋಜನ ಅಲ್ಪ, ಘಾತ ಬಹಳ. ಅಣಬೆಯ ಹೆಸರು ಆ ಶ್ಲೋಕದಲ್ಲಿಲ್ಲ. ಆದರೆ ಅಳತೆಗೋಲು ಕೈಗೆ ಬಂದ ಮೇಲೆ ಪ್ರತಿಯೊಂದು ವಸ್ತುವಿನ ಹೆಸರನ್ನೂ ಆಚಾರ್ಯರೇ ಬರೆದಿಡಬೇಕಾಗಿಲ್ಲ.

ವ್ಯಾಪಾರ ಬಲ್ಲ ಸಮಾಜಕ್ಕೆ ಈ ಅಳತೆ ಕಷ್ಟವಾಗಬಾರದು. ಮೊದಲು ಪ್ರಯೋಜನದ ಪುಟವನ್ನು ನೋಡೋಣ. ಹಸಿ ಅಣಬೆಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಭಾಗ ನೀರು. ನೂರು ಗ್ರಾಮಿನಲ್ಲಿ ಪ್ರೋಟೀನು ಸುಮಾರು 3 ಗ್ರಾಂ. ಅದೇ ನೂರು ಗ್ರಾಂ ಒಣ ತೊಗರಿ, ಹೆಸರು, ಹುರುಳಿಗಳಲ್ಲಿ 20 ಗ್ರಾಮಿಗೂ ಹೆಚ್ಚು ಇರುತ್ತದೆ. ಅಣಬೆಯನ್ನು ಬಿಸಿಲಿಗೋ ಅತಿನೇರಳೆ ಬೆಳಕಿಗೋ ಒಡ್ಡಿದರೆ ಅದರಲ್ಲಿ ಡಿ ಜೀವಸತ್ವ ಉಂಟಾಗುವುದು ನಿಜ. ಆದರೆ ಅದೇ ಬಿಸಿಲು ಕೋಲಾರದವರ ಮೈಗೂ ಧಾರಾಳವಾಗಿ ದೊರೆಯುತ್ತದೆ, ಕೊರತೆ ಹೆಚ್ಚಾದರೆ ವೈದ್ಯರು ಕೊಡುವ ಔಷಧವೂ ಇದೆ. ರುಚಿಯ ಹೊರತು, ಬೇರೆಲ್ಲಿಯೂ ಸಿಗದ ಯಾವ ಪ್ರಯೋಜನವೂ ಈ ಪುಟದಲ್ಲಿ ಕಾಣುವುದಿಲ್ಲ.

ಇನ್ನು ಘಾತದ ಪುಟ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯು ಅಣಬೆ ಬೇಸಾಯದ ತರಬೇತಿಯನ್ನೂ ಅಣಬೆ ಬೀಜವನ್ನೂ ಕೊಡುತ್ತದೆ. ಬೆಳೆಸುವ ಕ್ರಮದಲ್ಲಿ ಗುಟ್ಟೇನೂ ಇಲ್ಲ. ಬೇಯಿಸಿ ಶುದ್ಧಿಗೊಳಿಸಿದ ಜೋಳ ಅಥವಾ ಗೋಧಿಕಾಳಿನ ಮೇಲೆ ಶಿಲೀಂಧ್ರದ ತಂತುಗಳನ್ನು ಬೆಳೆಸಿ ಬೀಜ ತಯಾರಿಸುತ್ತಾರೆ. ಚಿಪ್ಪಣಬೆಗೆ ಭತ್ತದ ಹುಲ್ಲನ್ನು ನೆನೆಸಿ, ಬಿಸಿನೀರು, ಹಬೆ ಅಥವಾ ರಾಸಾಯನಿಕದಿಂದ ಅದರಲ್ಲಿರುವ ಇತರ ಜೀವಿಗಳನ್ನೆಲ್ಲ ನಾಶಮಾಡಿ, ಆಮೇಲೆ ಬೀಜವನ್ನು ಬೆರೆಸಿ ಚೀಲಕ್ಕೆ ತುಂಬುತ್ತಾರೆ. ಗುಂಡಿ ಅಣಬೆಗೆ ಹುಲ್ಲು, ಕೋಳಿಗೊಬ್ಬರ ಮುಂತಾದವನ್ನು ವಾರಗಟ್ಟಲೆ ಕೊಳೆಯಿಸಿ, ಅನಂತರ ಹಬೆಯಲ್ಲಿ ಕಾಯಿಸುತ್ತಾರೆ. ಆ ಗೊಬ್ಬರದಲ್ಲಿ ಹುಟ್ಟಿದ ಹುಳುಗಳು ಅಲ್ಲಿಯೇ ಸಾಯುತ್ತವೆ. ಬೆಳೆ ಬಂದಾಗ ಸಣ್ಣ ನೊಣಗಳ ಕಾಟ, ಅವುಗಳ ನಿವಾರಣೆ. ಎರಡು ಮೂರು ಕೊಯ್ಲಾದ ಮೇಲೆ, ತಂತುಗಳು ಹಬ್ಬಿದ ಚೀಲವನ್ನು ಹೊರಗೆ ಸುರಿಯುತ್ತಾರೆ. ಹುತ್ತದ ಅಣಬೆಯ ಕಥೆ ಇನ್ನೂ ಬೇರೆ. ಅದರ ತಂತುಗಳನ್ನು ಗೆದ್ದಲುಗಳೇ ತಮ್ಮ ಆಹಾರಕ್ಕಾಗಿ ನೆಲದೊಳಗೆ ಸಾಕುತ್ತವೆ. ಬಿರಿದ ಕೊಡೆಯ ಕೆಳಗಿನ ಮಡಿಕೆಗಳಲ್ಲಿ ಸಣ್ಣ ಹುಳುಗಳು ಮನೆ ಮಾಡಿರುತ್ತವೆ. ತೊಳೆದ ಮಾತ್ರಕ್ಕೆ ಅವೆಲ್ಲ ಉಳಿಯುವುದಿಲ್ಲ. ಎರಡು ಪುಟಗಳನ್ನೂ ಎದುರುಬದುರಾಗಿ ಇಟ್ಟರೆ, ಇದು ಬಿಡಬಹುದಾದ ವಸ್ತುವೆಂಬುದು ಶಾಸ್ತ್ರ ಓದದವನಿಗೂ ತಿಳಿಯುತ್ತದೆ.

ಹಸಿರು ಚುಕ್ಕೆಯ ಮಾತನ್ನೂ ಇಲ್ಲಿಯೇ ಹೇಳಬೇಕು. ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದೆಯಲ್ಲ ಎಂಬುದು ಹಲವರ ಸಮಾಧಾನ. ಆ ಚುಕ್ಕೆಯನ್ನು ನಿಗದಿಪಡಿಸಿದ್ದು ಸರಕಾರದ ನಿಯಮ, ಶ್ರಾವಕಾಚಾರವಲ್ಲ. 2020ರ ಆಹಾರ ಲೇಬಲ್ ನಿಯಮಗಳಲ್ಲಿ ಮಾಂಸಾಹಾರದ ವ್ಯಾಖ್ಯೆಯಿಂದ ಹಾಲಿನೊಡನೆ ಜೇನು, ಜೇನುಮೇಣ, ಅರಗುಗಳನ್ನೂ ಹೊರಗಿಡಲಾಗಿದೆ. ಎಂದರೆ ಜೇನಿನ ಸೀಸೆಯೂ ಹಸಿರು ಚುಕ್ಕೆಯನ್ನೇ ಹೊತ್ತು ಬರುತ್ತದೆ. ಮದ್ಯ, ಮಾಂಸ, ಮಧುಗಳ ತ್ಯಾಗವು ಶ್ರಾವಕನ ಮೂಲಗುಣಗಳಲ್ಲಿಯೇ ಸೇರಿರುವಾಗ, ಆ ಚುಕ್ಕೆ ಎಷ್ಟು ದೂರ ದಾರಿ ತೋರಿಸಬಲ್ಲದೆಂಬುದು ಸ್ಪಷ್ಟ. ಕಾಯಿದೆ ಕೇಳುವ ಪ್ರಶ್ನೆ, ಇದು ಪ್ರಾಣಿಯ ದೇಹದಿಂದ ಬಂದಿತೇ ಎಂಬುದು. ಶ್ರಾವಕ ಕೇಳಬೇಕಾದ ಪ್ರಶ್ನೆ, ಇದು ನನ್ನ ತಟ್ಟೆಗೆ ಬರಲು ಎಷ್ಟು ಘಾತವಾಯಿತು, ಅಷ್ಟು ಘಾತಕ್ಕೆ ತಕ್ಕ ಅಗತ್ಯ ನನಗಿತ್ತೇ ಎಂಬುದು.

ಇಷ್ಟು ಹೇಳಿದ ಮೇಲೆ ಆಕ್ಷೇಪಗಳು ಬರುತ್ತವೆ, ಅವು ತಳ್ಳಿಹಾಕುವಂಥವಲ್ಲ. ಅಣಬೆ ಎಂಬುದು ನೆಲದೊಳಗಿನ ತಂತುಜಾಲದ ಫಲವಷ್ಟೇ. ಶ್ರೀನಿವಾಸಪುರದ ತೋಪಿನಲ್ಲಿ ಮಾವಿನ ಹಣ್ಣು ಕಿತ್ತರೆ ಮರ ಸಾಯದಂತೆ, ಅಣಬೆ ಕಿತ್ತರೂ ಮೂಲಜೀವಿ ಸಾಯುವುದಿಲ್ಲವಲ್ಲ ಎಂದು ವಿಜ್ಞಾನ ಓದಿದ ತರುಣ ಕೇಳಬಹುದು. ಒಳ್ಳೆಯ ಪ್ರಶ್ನೆ. ಲೇಶ್ಯೆಗಳನ್ನು ತಿಳಿಸಲು ಬಸದಿಗಳಲ್ಲಿ ಬರೆಯುವ ಜಂಬೂವೃಕ್ಷದ ಚಿತ್ರ ಅವನಿಗೆ ನೆನಪಿರಬೇಕು. ಹಸಿದ ಆರು ಮಂದಿಯಲ್ಲಿ ಒಬ್ಬ ಮರವನ್ನೇ ಬುಡಸಮೇತ ಕಡಿಯಬಯಸುತ್ತಾನೆ. ಕೊನೆಯವನು ತಾನಾಗಿ ಉದುರಿದ ಹಣ್ಣಿನಲ್ಲಿ ತೃಪ್ತಿಪಡುತ್ತಾನೆ. ಉದುರಿದ ಮಾವಿನ ಹಣ್ಣಿನಿಂದ ಹಸಿವು ತೀರುವ ಊರಿನಲ್ಲಿ, ಹುಲ್ಲಿನ ಸಮಸ್ತ ಜೀವಿಗಳನ್ನೂ ಕೊಂದು, ಒಂದನ್ನು ಬೆಳೆಸಿ ಕಿತ್ತು ತಿನ್ನುವುದು ಆ ಚಿತ್ರದಲ್ಲಿ ಯಾರ ಸ್ಥಾನ ಎಂದು ಅವನೇ ನಿರ್ಣಯಿಸಲಿ.

ಎರಡನೆಯ ಆಕ್ಷೇಪ ಟೊಮೆಟೊದ್ದು. ಕೋಲಾರದ ಮಾರುಕಟ್ಟೆ ಟೊಮೆಟೊ ವ್ಯಾಪಾರಕ್ಕೆ ಏಷ್ಯಾದಲ್ಲಿಯೇ ದೊಡ್ಡವುಗಳಲ್ಲಿ ಒಂದೆಂದು ಹೆಸರಾಗಿದೆ. ಆ ಬೆಳೆಗೆ ಸಿಂಪಡಿಸುವ ಕೀಟನಾಶಕದಿಂದ ಸಾಯುವ ಹುಳುಗಳು ತ್ರಸ ಜೀವಗಳಲ್ಲವೇ? ಅಣಬೆಯ ಏಕೇಂದ್ರಿಯ ಜೀವಕ್ಕಿಂತ ಅವುಗಳ ಘಾತ ಹೆಚ್ಚಿನದಲ್ಲವೇ? ಹೌದು, ಹೆಚ್ಚಿನದೇ. ಇದನ್ನು ಒಪ್ಪಿಕೊಳ್ಳದೆ ಅಣಬೆಯ ವಿಷಯ ಮಾತನಾಡುವುದು ಪ್ರಾಮಾಣಿಕತೆಯಲ್ಲ. ಗೃಹಸ್ಥನ ಆರಂಭೀ ಹಿಂಸೆ ಸಂಪೂರ್ಣವಾಗಿ ತಪ್ಪುವುದಿಲ್ಲ. ಕಡಮೆ ಮಾಡುವ ಯತ್ನವಷ್ಟೇ ಅವನಿಗೆ ಸಾಧ್ಯ. ಅಣಬೆಯನ್ನು ಬಿಟ್ಟವನು ಟೊಮೆಟೊವನ್ನು ಕೊಳ್ಳುವಾಗಲೂ ಯಾವ ಹೊಲದ್ದು, ಎಷ್ಟು ಔಷಧ ಹೊಡೆದದ್ದು ಎಂದು ವಿಚಾರಿಸಲಿ. ರೇಷ್ಮೆಯ ಸೀಮೆಯಲ್ಲಿ ಇನ್ನೊಂದು ಮಾತನ್ನು ಹೇಳಲೇಬೇಕು. ಗೂಡಿನೊಳಗಿನ ಹುಳುವನ್ನು ಕೊಂದು ತೆಗೆದ ನೂಲಿನ ಒಂದು ಸೀರೆಗೆ ಸಾವಿರಾರು ಗೂಡುಗಳು ಬೇಕು. ಆ ಸೀರೆಯನ್ನುಟ್ಟು ಪೂಜೆಗೆ ನಿಂತು, ಅಣಬೆ ತಿಂದ ನೆರೆಮನೆಯವರನ್ನು ಹೀಗಳೆಯುವುದು ಸರಿಯಾದೀತೇ?

ಮೂರನೆಯ ಆಕ್ಷೇಪ ಮುಳಬಾಗಿಲು ದೋಸೆಯದು. ದೋಸೆಯ ಹಿಟ್ಟು ರಾತ್ರಿಯಿಡೀ ಹುದುಗಿ ಉಬ್ಬುವುದು ಸೂಕ್ಷ್ಮಜೀವಿಗಳಿಂದ. ಅವುಗಳಲ್ಲಿ ಅಣಬೆಯ ದೂರದ ಬಂಧುವಾದ ಯೀಸ್ಟ್ ಎಂಬ ಶಿಲೀಂಧ್ರವೂ ಸೇರಿದೆ. ದೋಸೆ ತಿಂದು ಅಣಬೆ ಬಿಡುವುದು ಯಾವ ನ್ಯಾಯ? ಈ ಆಕ್ಷೇಪಕ್ಕೆ ಜೈನಾಚಾರವೇ ಉತ್ತರ ಹೇಳಿದೆ. ಹಿಟ್ಟಿಗೂ ಮೊಸರಿಗೂ ಮಾಡಿದ ಅಡುಗೆಗೂ ಕಾಲಮರ್ಯಾದೆ ಉಂಟು. ಕಟ್ಟುನಿಟ್ಟಾಗಿ ನಡೆಯುವ ಮನೆಗಳಲ್ಲಿ ರಾತ್ರಿಯಿಟ್ಟ ಹಿಟ್ಟಿನ ದೋಸೆ ಇಲ್ಲವೇ ಇಲ್ಲ. ಹೆಚ್ಚಿನ ಮನೆಗಳಲ್ಲಿ ಈ ಮರ್ಯಾದೆ ಸಡಿಲವಾಗಿದೆ ಎಂಬುದೂ ಸತ್ಯ. ಸಡಿಲವಾದುದನ್ನು ತೋರಿಸಿ ಇನ್ನಷ್ಟು ಸಡಿಲಿಸಿ ಎನ್ನುವುದು ಒಂದು ದಾರಿ. ಉಳಿದುದನ್ನು ಭದ್ರಪಡಿಸಿಕೊಂಡು ಸಡಿಲವಾದುದನ್ನು ಬಿಗಿ ಮಾಡುವುದು ಇನ್ನೊಂದು ದಾರಿ. ಒಂದು ಸಾಲ ತೀರಿಸಲಾಗಲಿಲ್ಲವೆಂದು ಯಾವ ವ್ಯಾಪಾರಿಯೂ ಉಳಿದ ಸಾಲಗಳನ್ನು ಅಲ್ಲಗಳೆಯುವುದಿಲ್ಲ. ಇಲ್ಲಿ ಮೂಲಾಚಾರದ ಆ ಪಟ್ಟಿಯನ್ನು ಮತ್ತೆ ನೆನೆಯಬೇಕು. ಕವಕದ ಪಕ್ಕದಲ್ಲಿಯೇ ಕುಹಣವಿದೆ. ಅಣಬೆಯ ಪೊಟ್ಟಣ ಒಳಗೆ ಬಾರದಂತೆ ಬಾಗಿಲು ಕಾಯುವ ಮನೆಯಲ್ಲಿ ಉಪ್ಪಿನಕಾಯಿಯ ಜಾಡಿಯ ಮೇಲೆ ಬೂಷ್ಟು ಕಟ್ಟಿದ್ದರೆ, ಅದನ್ನು ಚಮಚೆಯಲ್ಲಿ ಸರಿಸಿ ಕೆಳಗಿನದನ್ನು ಬಡಿಸುವುದಾದರೆ, ಆ ಮನೆ ಒಂದು ಹೆಸರನ್ನು ಮಾತ್ರ ಬಿಟ್ಟಿದೆ, ಆ ಜೀವವರ್ಗವನ್ನು ಬಿಟ್ಟಿಲ್ಲ.

ಇಲ್ಲಿಯವರೆಗಿನದು ವಸ್ತುವಿನ ವಿಚಾರ. ಇದಕ್ಕಿಂತ ಸೂಕ್ಷ್ಮವಾದುದು ಮನುಷ್ಯರ ವಿಚಾರ. ಹೊಸದಾಗಿ ಬಂದ ಸೊಸೆ ತನ್ನ ತವರಿನ ಅಭ್ಯಾಸದಂತೆಯೋ ಗೆಳತಿಯರ ಮಾತಿನಂತೆಯೋ ಒಂದು ದಿನ ಅಣಬೆಯ ಪಲ್ಯ ಮಾಡಿದಳೆನ್ನೋಣ. ಅತ್ತೆ ಪಾತ್ರೆಗಳನ್ನು ಹೊರಗೆ ಹಾಕಿಸಿ, ಬಂಧುಗಳ ಮುಂದೆ ಅವಳ ತವರನ್ನು ನಿಂದಿಸಿ, ತಿಂಗಳುಗಟ್ಟಲೆ ಮಾತು ಬಿಟ್ಟರೆ ಆ ಮನೆಯಲ್ಲಿ ಅಹಿಂಸೆ ಉಳಿಯಿತೇ? ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣ ಹೇಳುವಾಗ ಪ್ರಾಣಘಾತದ ಹಿಂದಿರುವ ಪ್ರಮಾದವನ್ನೇ ಮುಂದಿಡುತ್ತಾರೆ. ಕ್ರೋಧ, ಮಾನಗಳು ಎದ್ದಲ್ಲಿ ತನ್ನ ಆತ್ಮದ ಘಾತ ಮೊದಲೇ ಆಗಿಹೋಗಿರುತ್ತದೆ. ಏಕೇಂದ್ರಿಯ ಜೀವದ ಮೇಲಿನ ದಯೆಗಾಗಿ ಪಂಚೇಂದ್ರಿಯ ಜೀವದ ಮನಸ್ಸನ್ನು ಬೇಯಿಸುವುದು ಶ್ರಾವಕಧರ್ಮವಲ್ಲ.

ಹಾಗೆಂದು ಮನೆಯ ಶಾಂತಿಗಾಗಿ ಎಲ್ಲವನ್ನೂ ಒಪ್ಪಿಕೊಳ್ಳುವುದೂ ಪರಿಹಾರವಲ್ಲ. ಅಡುಗೆಮನೆ ಒಬ್ಬರದಲ್ಲ, ಅಲ್ಲಿ ವ್ರತಸ್ಥರಾದ ಅಜ್ಜ ಅಜ್ಜಿಯರಿಗೂ ಪಾಲಿದೆ. ಒಂದೇ ಬಾಣಲೆಯಲ್ಲಿ ಬೆಂದುದನ್ನು ಅವರು ಸಂಕಟದಿಂದ ಉಣ್ಣುವಂತಾದರೆ ಅದೂ ಹಿಂಸೆಯೇ. ಆದಕಾರಣ ಮನೆಯವರೆಲ್ಲ ಒಟ್ಟಿಗೆ ಕುಳಿತು, ಕಾರಣಗಳನ್ನು ಹೇಳಿ ಕೇಳಿ, ಸಮಾನವಾದ ಅಡುಗೆಮನೆಗೆ ಸಮಾನವಾದ ನಿಯಮವನ್ನು ಮಾಡಿಕೊಳ್ಳಬೇಕು. ಸಮಂತಭದ್ರಸ್ವಾಮಿಗಳು ತ್ಯಾಗವನ್ನು ಯಮ, ನಿಯಮ ಎಂದು ಎರಡಾಗಿ ಹೇಳಿದ್ದಾರೆ. ಜೀವನಪರ್ಯಂತದ ತ್ಯಾಗ ಯಮ. ಒಂದು ದಿನ, ಒಂದು ಪಕ್ಷ, ಒಂದು ತಿಂಗಳು, ಒಂದು ಋತು ಎಂದು ಕಾಲಮಿತಿಯುಳ್ಳದ್ದು ನಿಯಮ. ಹೊರಗಿನ ಅಭ್ಯಾಸವಿರುವ ತರುಣರಿಂದ ಮೊದಲೇ ಯಮವನ್ನು ಕೇಳಬಾರದು. ಮನೆಯೊಳಗೆ ಅಣಬೆ ತರುವುದಿಲ್ಲವೆಂಬುದು ಕುಟುಂಬದ ನಿರ್ಣಯವಾಗಿರಲಿ. ಹೊರಗೆ ಈ ಚಾತುರ್ಮಾಸದಲ್ಲಿ ತಿನ್ನುವುದಿಲ್ಲವೆಂಬುದು ಅವರ ಸ್ವಂತ ನಿಯಮವಾಗಿರಲಿ. ತಾನೇ ಅರಿತು ಹಿಡಿದ ನಾಲ್ಕು ತಿಂಗಳ ನಿಯಮವು ಬಲವಂತದಿಂದ ಹೇರಿದ ಆಜನ್ಮವ್ರತಕ್ಕಿಂತ ಗಟ್ಟಿ. ಬೇಡವೆಂದ ಮೇಲೆ ಬದಲಿಯನ್ನೂ ಕೊಡಬೇಕು. ಬಾಳೆಕಾಯಿ, ಎಳೆಯ ಹಲಸಿನಕಾಯಿ, ಗೋರಿಕಾಯಿಗಳನ್ನು ರುಚಿಯಾಗಿ ಮಾಡಬಲ್ಲವರು ನಮ್ಮ ಮನೆಗಳಲ್ಲಿಯೇ ಇದ್ದಾರೆ. ಚಳಿಗಾಲದಲ್ಲಿ ಕೋಲಾರದ ಅವರೆಕಾಯಿಯ ಮುಂದೆ ಅಣಬೆಯನ್ನು ಬಯಸುವವರು ಎಷ್ಟು ಮಂದಿ? ಆದರೆ ಅವರೆಕಾಯಿ ಸುಲಿಯುವಾಗ ಹುಳುವನ್ನು ನೋಡಿ, ಮೆಲ್ಲನೆ ಹೊರಗೆ ಬಿಡುವ ತಾಳ್ಮೆಯನ್ನು ಮಕ್ಕಳಿಗೆ ಕಲಿಸಬೇಕು. ಆ ತಾಳ್ಮೆ ಕಲಿತ ಮಗುವಿಗೆ ಅಣಬೆಯ ವಿಷಯದಲ್ಲಿ ಹೆಚ್ಚು ಉಪದೇಶ ಬೇಕಾಗುವುದಿಲ್ಲ.

ಬಸದಿ, ಮಂದಿರಗಳ ಟ್ರಸ್ಟುಗಳಿಗೂ ಇಲ್ಲಿ ಕೆಲಸವಿದೆ. ಸಭಾಭವನಗಳನ್ನು ಮದುವೆಗೆ ಕೊಡುವಾಗ, ಸಸ್ಯಾಹಾರ ಮಾತ್ರ ಎಂಬ ಒಂದು ಸಾಲು ಈಗ ಸಾಲದು. ಅಡುಗೆ ಗುತ್ತಿಗೆದಾರನ ದೃಷ್ಟಿಯಲ್ಲಿ ಅಣಬೆಯ ಬಿರಿಯಾನಿಯೂ ಸಸ್ಯಾಹಾರವೇ. ಆಮೇಲೆ ಪಂಕ್ತಿಯಲ್ಲಿ ಜಗಳವಾಡುವುದಕ್ಕಿಂತ, ಕರಾರುಪತ್ರದಲ್ಲಿಯೇ ಅಣಬೆ, ಜೇನು, ಗೆಡ್ಡೆಗೆಣಸುಗಳ ಹೆಸರನ್ನು ಬರೆದಿಡುವುದು ಲೇಸು. ಭೋಜನಶಾಲೆಯ ಗೋಡೆಯ ಮೇಲೆ ನಿಷೇಧದ ಜೊತೆಗೆ ಕಾರಣವನ್ನೂ ಎರಡು ಸಾಲುಗಳಲ್ಲಿ ಬರೆಸಿದರೆ, ಓದುವ ಹುಡುಗರು ಅಪ್ಪಣೆಯನ್ನಷ್ಟೇ ಅಲ್ಲದೆ ವಿ ಚಾರವನ್ನೂ ಮನೆಗೆ ಒಯ್ಯುತ್ತಾರೆ. ಅಂಗಡಿ ನಡೆಸುವ ಬಾಂಧವರೂ ಯೋಚಿಸಬೇಕು. ಕೃತ, ಕಾರಿತ, ಅನುಮೋದನೆ ಎಂಬ ಮೂರು ಬಗೆಗಳಲ್ಲಿ ಕರ್ಮಬಂಧವನ್ನು ಹೇಳುವ ಧರ್ಮದಲ್ಲಿ, ತಾನು ತಿನ್ನದುದನ್ನು ಲಾಭಕ್ಕಾಗಿ ಮಾರುವುದು ನಿರ್ದೋಷವೆನ್ನಲಾಗದು. ಬಿಟ್ಟ ಲಾಭವೂ ಒಂದು ದಾನವೇ.

ಕೊನೆಯದಾಗಿ ಒಂದು ಎಚ್ಚರಿಕೆ. ಮಳೆಗಾಲದಲ್ಲಿ ಹುತ್ತದ ಅಣಬೆ ಆಯ್ದು ಸಾರು ಮಾಡಿಕೊಳ್ಳುವ ರೈತನಿಗೂ, ಮನೆಯ ಹಿತ್ತಲಲ್ಲಿ ಹುಲ್ಲಿನ ಚೀಲ ತೂಗುಹಾಕಿ ಮಕ್ಕಳ ಶಾಲೆಯ ಖರ್ಚಿಗೆ ದುಡಿಯುವ ಹೆಣ್ಣುಮಗಳಿಗೂ ಜೈನರ ವ್ರತವನ್ನು ಹಿಡಿದು ಅಳೆಯಬಾರದು. ಅವರು ಆ ವ್ರತವನ್ನು ಸ್ವೀಕರಿಸಿದವರಲ್ಲ. ಅವರ ಅಗತ್ಯವೂ ನಮ್ಮ ಅಗತ್ಯವೂ ಒಂದೇ ಅಲ್ಲ. ವ್ರತವೆಂಬುದು ತನ್ನನ್ನು ಅಳೆದುಕೊಳ್ಳುವುದಕ್ಕೆ ಇರುವ ಸೇರು, ನೆರೆಯವರನ್ನು ಅಳೆಯುವುದಕ್ಕಲ್ಲ. ಎಲ್ಲವೂ ದೊರೆಯುವ ಪೇಟೆಯಲ್ಲಿ, ಕೊಳ್ಳುವ ಶಕ್ತಿಯಿದ್ದೂ, ತಿನ್ನುವ ಆಸೆಯಿದ್ದೂ, ಕಾರಣವನ್ನು ತಿಳಿದು ಒಂದು ಪದಾರ್ಥವನ್ನು ಶಾಂತವಾಗಿ ಬಿಟ್ಟರೆ ಅದು ಸಂಯಮ. ಕಾರಣ ತಿಳಿಯದೆ ಬಿಟ್ಟರೆ ಬರಿಯ ರೂಢಿ. ಬಿಟ್ಟೆನೆಂದು ಇತರರನ್ನು ಹೀಗಳೆದರೆ ಮಾನಕಷಾಯ. ಅಣಬೆಯ ಪ್ರಶ್ನೆಯನ್ನು ಕೇಳುವ ಮಕ್ಕಳಿಗೆ ಮನೆಯ ಹಿರಿಯರು ಈ ಮೂರರ ಭೇದವನ್ನು ತಿಳಿಸಿ ಹೇಳಿದರೆ, ಆ ಪ್ರಶ್ನೆ ಕೇಳಿದ್ದರಿಂದ ಮನೆಗೆ ಲಾಭವೇ ಆದಂತಾಗುತ್ತದೆ.